‘ತೆಂದ್ರೀಯಾ’ದೊಳಗೆ ದಕಾರ ಬಂದದ್ದು ಹೇಗೆ?

ಸ್ಪ್ಯಾನಿಷ್‌ನ ಕಂಡಿಷನಲ್, ಅಂದರೆ ಷರತ್ತಿನ, ಕ್ರಿಯಾರೂಪ ಮೊದಲಿಗೆ ಸಲೀಸು. ಮಾತಾಡು ಎಂಬರ್ಥದ ‘ಅಬ್ಲಾರ್’ ಅನ್ನು ಹಾಗೇ ಇಟ್ಟು ಕೊನೆಗೆ ‘ಈಯಾ’ ಸೇರಿಸಿದರೆ ‘ಅಬ್ಲರೀಯಾ’. ‘ನೀನು ಕರೆದಿದ್ದರೆ ಮಾತಾಡುತ್ತಿದ್ದೆ’ ಅನ್ನುತ್ತೇವಲ್ಲ, ಆ ‘ಮಾತಾಡುತ್ತಿದ್ದೆ’. ಇದೇ ಲೆಕ್ಕದಲ್ಲಿ, ಹೊಂದಿರು ಎಂಬರ್ಥದ ‘ತೆನೆರ್’ ‘ತೆನೆರೀಯಾ’ ಆಗಬೇಕಿತ್ತು. ನಾನು, ನೀನು, ಅವನು, ನಾವು, ನೀವು, ಅವರು ಎಂಬ ಕ್ರಮದಲ್ಲಿ ಆಗಿರುವುದು ತೆಂದ್ರೀಯಾ, ತೆಂದ್ರೀಯಾಸ್, ತೆಂದ್ರೀಯಾ, ತೆಂದ್ರೀಯಾಮೊಸ್, ತೆಂದ್ರೀಯಾಯಿಸ್, ತೆಂದ್ರೀಯಾನ್. ಅಪವಾದ ಎಂದು ಬಾಯಿಪಾಠ ಮಾಡಿಸಿ ಮುಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಇದಕ್ಕೆ ಚೆಂದದ ಕಾರಣವಿದೆ.

ಆ ‘ಈಯಾ’ ಒಂದು ಕಾಲದಲ್ಲಿ ಸ್ವತಂತ್ರ ಪದ. ಆಡುಮಾತಿನ ಲ್ಯಾಟಿನ್ನಿನಲ್ಲಿ ಕ್ರಿಯಾಪದದ ಮೂಲರೂಪದ ಪಕ್ಕ ‘ಹಬೇರೆ’ ಎಂಬ ಸಹಾಯಕ ಕ್ರಿಯಾಪದ ಬರುತ್ತಿತ್ತು, ನಮ್ಮ ‘ಹಾಡುವುದಿದೆ’, ‘ಹಾಡುವುದಿತ್ತು’ ಇದ್ದಂತೆ. ‘ಇದೆ’ ಬೆಸೆದುಕೊಂಡು ಭವಿಷ್ಯತ್ಕಾಲವಾಯಿತು, ಸವೆದು ‘ಈಯಾ’ ಆದ ‘ಇತ್ತು’ ಬೆಸೆದುಕೊಂಡು ಕಂಡಿಷನಲ್ ಆಯಿತು. ಆಂಟೋನಿಯೊ ದೆ ನೆಬ್ರಿಹಾ 1492ರಲ್ಲಿ ಸ್ಪೇನಿನ ಸಲಾಮಾಂಕಾದಲ್ಲಿ ಅಚ್ಚು ಹಾಕಿಸಿದ ಸ್ಪ್ಯಾನಿಷ್ ವ್ಯಾಕರಣದಲ್ಲೇ ಈ ಜೋಡಣೆಯನ್ನು ಗುರುತಿಸಿದ್ದ. ಪೋರ್ಚುಗೀಸ್ ಬರವಣಿಗೆಯಲ್ಲಂತೂ ಈ ಎರಡು ತುಂಡುಗಳ ನಡುವೆ ಇವತ್ತಿಗೂ ಸರ್ವನಾಮ ನುಸುಳಬಹುದು.

ಬೆಸೆದ ಮೇಲೆ ಒತ್ತು ಪದದ ಕೊನೆಗೆ ಸರಿಯಿತು. ‘ತೆನೆರ್’ನ ನಡುವಿನ ಎಕಾರ ಬಲಗುಂದಿ ಬಿದ್ದುಹೋಯಿತು. ಈಗ ‘ನ್’ ಮತ್ತು ‘ರ್’ ಒಂದಕ್ಕೊಂದು ತಾಗಿ ನಿಂತವು. ನಕಾರ ಹೇಳುವಾಗ ನಾಲಿಗೆಯ ತುದಿ ಹಲ್ಲಿನ ಹಿಂದೆ ಒತ್ತಿಕೊಂಡಿರುತ್ತದೆ, ಉಸಿರು ಮೂಗಿನಿಂದ ಹೋಗುತ್ತದೆ. ರಕಾರಕ್ಕೆ ಮೂಗಿನ ದಾರಿ ಮುಚ್ಚಬೇಕು, ನಾಲಿಗೆ ಬಿಡಬೇಕು. ನಾಲಿಗೆ ಬಿಡುವುದಕ್ಕಿಂತ ಒಂದು ಕ್ಷಣ ಮೊದಲೇ ಮೂಗಿನ ದಾರಿ ಮುಚ್ಚಿದರೆ ಉಸಿರು ಎಲ್ಲೂ ಹೋಗಲಾರದೆ ಬಾಯಲ್ಲಿ ಒತ್ತಿ, ನಾಲಿಗೆ ಬಿಟ್ಟೊಡನೆ ಸಿಡಿಯುತ್ತದೆ. ಆ ಸಿಡಿತವೇ ‘ದ’. ಬರು ಎಂಬ ‘ಬೆನಿರ್’ ‘ಬೆಂದ್ರೀಯಾ’ ಆದದ್ದೂ, ಇಡು ಎಂಬ ‘ಪೊನೆರ್’ ‘ಪೊಂದ್ರೀಯಾ’ ಆದದ್ದೂ ಹೀಗೆಯೇ. ಸಂಸ್ಕೃತದ ‘ಆಮ್ರ’ ಪ್ರಾಕೃತದಲ್ಲಿ ‘ಅಂಬ’ ಆದಾಗ ಮಕಾರದ ಬೆನ್ನಿಗೆ ಬಕಾರ ಹುಟ್ಟಿದ್ದಕ್ಕೂ ಕಾರಣ ಇದೇ. ಹಳೆಯ ಕ್ಯಾಸ್ಟಿಲಿಯನ್, ಅಂದರೆ ಹಳೆಯ ಸ್ಪ್ಯಾನಿಷ್, ಬರಹಗಳಲ್ಲಿ ‘ತೆರ್ನೀಯಾ’ ಎಂಬ ಇನ್ನೊಂದು ರೂಪವೂ ಸಿಗುತ್ತದೆ. ಅಲ್ಲಿ ನಾಲಿಗೆ ಎರಡು ಧ್ವನಿಗಳನ್ನು ಅದಲುಬದಲು ಮಾಡಿ ಪಾರಾಗಿತ್ತು.

ಬೆಸುಗೆಯಲ್ಲಿ ‘ಇತ್ತು’ ಇರುವುದರಿಂದಲೇ ಅರ್ಥಕ್ಕೂ ಭೂತಕಾಲದ ನೆಲೆ ಇದೆ. ‘ಬರುತ್ತೇನೆ ಅಂದಿದ್ದ’ ಎಂಬಲ್ಲಿಯ ಬರುವಿಕೆಗೆ ‘ಬೆಂದ್ರೀಯಾ’ ಬೇಕು. ಆಂದ್ರೆಸ್ ಬೆಯೊ 1847ರ ತನ್ನ ವ್ಯಾಕರಣದಲ್ಲಿ ಈ ರೂಪಕ್ಕೆ ‘ಪೊಸ್‌ಪ್ರೆತೆರಿತೊ’, ಅಂದರೆ ಭೂತದ ನಂತರದ್ದು, ಎಂದು ಹೆಸರಿಟ್ಟ. ನನಗಂತೂ ಕಂಡಿಷನಲ್ ಎಂಬುದಕ್ಕಿಂತ ಇದೇ ಒಪ್ಪುವ ಹೆಸರು. ಯಾಕೆಂದರೆ ‘ತೆಂದ್ರೀಯಾ ಬೆಯಿಂತೆ ಆನ್ಯೊಸ್’ ಎಂದರೆ ‘ಆಗ ಅವಳಿಗೆ ಇಪ್ಪತ್ತು ವರ್ಷ ಆಗಿದ್ದೀತು’. ಇಲ್ಲಿ ಷರತ್ತೇ ಇಲ್ಲ, ಇರುವುದು ಅಂದಾಜು.

ಷರತ್ತಿನ ವಾಕ್ಯದಲ್ಲೂ, ‘ಸಿ’ ಅಂದರೆ ‘ರೆ’ ಇರುವ ಭಾಗಕ್ಕೆ ಈ ರೂಪ ಹೋಗುವುದಿಲ್ಲ, ಅಲ್ಲಿ ‘ತೆನೆರ್’ನದೇ ಇನ್ನೊಂದು ರೂಪ ‘ತುಬಿಯೆರಾ’ ಬರುತ್ತದೆ. ‘ಸಿ ತುಬಿಯೆರಾ ದಿನೆರೊ, ತೆಂದ್ರೀಯಾ ಉನಾ ಕಾಸಾ’: ದುಡ್ಡಿದ್ದಿದ್ದರೆ ಮನೆ ಇರುತ್ತಿತ್ತು. ಆದರೆ ಉತ್ತರ ಸ್ಪೇನಿನ ಬುರ್ಗೊಸ್, ಲಾ ರಿಯೊಹಾ, ನವಾರಾ, ಬಾಸ್ಕ್ ಸೀಮೆಗಳಲ್ಲಿ ಜನ ಎರಡೂ ಕಡೆ ‘ತೆಂದ್ರೀಯಾ’ ಎನ್ನುತ್ತಾರೆ. ಶಾಲೆಯಲ್ಲಿ ಅದನ್ನು ತಿದ್ದುತ್ತಾರೆ, ಮನೆಮಾತಿನಲ್ಲಿ ಅದು ಹಾಗೇ ಉಳಿದಿದೆ.