ಓಡುವಾಗ ಎಚ್‌ಆರ್‌ವಿ ಕುಸಿಯಲೇಬೇಕು, ಏರಿದರೆ ಮೊದಲು ತಂತಿ ನೋಡಿ

ತುಮಕೂರಿನ ಅಮಾನಿಕೆರೆ ಸುತ್ತ ಬೆಳಿಗ್ಗೆ ನಡೆಯುವವರಲ್ಲಿ ಈಗ ವಾಚು ಕಟ್ಟದವರು ಕಡಿಮೆ. ಎರಡು ಬಡಿತಗಳ ನಡುವಿನ ಅಂತರ ಎಷ್ಟು ಏರಿಳಿಯುತ್ತದೆ ಎನ್ನುವ ಎಚ್‌ಆರ್‌ವಿಯನ್ನು ಅದು ಮಿಲಿಸೆಕೆಂಡಿನಲ್ಲಿ ತೋರಿಸುತ್ತದೆ. ಅದೇ ವಾಚು ಕಟ್ಟಿಕೊಂಡು ಟಿಎಂಟಿಗೂ, ಅಂದರೆ ಟ್ರೆಡ್‌ಮಿಲ್ ಮೇಲೆ ಓಡಿಸಿ ಇಸಿಜಿ ನೋಡುವ ಪರೀಕ್ಷೆಗೂ, ಬರುತ್ತಾರೆ. ಟ್ರೆಡ್‌ಮಿಲ್‌ನಿಂದ ಇಳಿದು, ಬೆವರು ಒರೆಸಿಕೊಳ್ಳುತ್ತಲೇ ಕೇಳುತ್ತಾರೆ: “ಮನೇಲಿ ಎಚ್‌ಆರ್‌ವಿ ನಲವತ್ತು ಇರ್ತಿತ್ತು ಡಾಕ್ಟ್ರೇ, ಓಡುವಾಗ ಮೂರಕ್ಕೆ ಬಂದ್ಬಿಡ್ತು. ಹಾರ್ಟ್ ವೀಕ್ ಆಗಿದ್ಯಾ?” ಕೇಳಿದವರು ಅದೇ ಚಿಂತೆಯಲ್ಲಿ ನಿದ್ದೆಗೆಟ್ಟಿದ್ದಾರೆ ಎನ್ನುವುದು ಮುಖ ನೋಡಿದರೇ ತಿಳಿಯುತ್ತದೆ.

ವೀಕ್ ಆಗಿಲ್ಲ. ಓಡುವಾಗ ಅದು ಮೂರಕ್ಕೇ ಬರಬೇಕು. ಯೋಚಿಸಬೇಕಾದದ್ದು ಓಡುವಾಗ ಮೂವತ್ತೈದು ತೋರಿಸಿದಾಗ, ಅದೂ ಹೃದಯದ ಬಗ್ಗೆ ಅಲ್ಲ, ಮೊದಲು ಎದೆಗೆ ಅಂಟಿಸಿದ ಎಲೆಕ್ಟ್ರೋಡ್ ಬಗ್ಗೆ.

ಸುಮ್ಮನೆ ಮಲಗಿದಾಗ ನಿಮಿಷಕ್ಕೆ 60 ಬಡಿತ ಎಂದರೆ ಪ್ರತಿ ಬಡಿತವೂ ಸರಿಯಾಗಿ 1000 ಮಿಲಿಸೆಕೆಂಡಿಗೆ ಬೀಳುತ್ತದೆ ಎಂದಲ್ಲ. ಒಂದು ಅಂತರ 960, ಇನ್ನೊಂದು 1040, ಮತ್ತೊಂದು 990. ಮಿದುಳಿನಿಂದ ಬಂದು ಬಡಿತವನ್ನು ನಿಧಾನಿಸುವ ವೇಗಸ್ ನರ ಎತ್ತಿನ ಮೂಗುದಾರ ಹಿಡಿದವನ ಹಾಗೆ: ಉಸಿರೆಳೆದಾಗ ತುಸು ಸಡಿಲ, ಬಿಟ್ಟಾಗ ತುಸು ಬಿಗಿ. ಈ ಏರಿಳಿತವೇ ಎಚ್‌ಆರ್‌ವಿ. ವ್ಯಾಯಾಮ ಶುರುವಾದೊಡನೆ ವೇಗಸ್ ಮೊದಲು ಮಾಡುವ ಕೆಲಸವೇ ಆ ಹಗ್ಗ ಬಿಡುವುದು. ಬಿಡದಿದ್ದರೆ ಬಡಿತ ಏರುವುದೇ ಕಷ್ಟ. ಬಡಿತ 150ಕ್ಕೆ ಹೋದಾಗ ಎರಡು ಬಡಿತಗಳ ನಡುವೆ ಉಳಿಯುವುದು 400 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ನಲವತ್ತು ಮಿಲಿಸೆಕೆಂಡ್ ಓಲಾಡಲು ಜಾಗವೇ ಇಲ್ಲ. ಮನೆಯಲ್ಲಿ ಮಲಗಿ ಅಳೆದ ಸಂಖ್ಯೆಯನ್ನೂ ಓಡುವಾಗಿನ ಸಂಖ್ಯೆಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಡಿ ಎಂದು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಈಗ ಆ ಮೂವತ್ತೈದರ ವಿಷಯ. ಎಚ್‌ಆರ್‌ವಿಯನ್ನು ಹೇಳುವ ಒಂದು ಅಳತೆ ಆರ್‌ಎಂಎಸ್‌ಎಸ್‌ಡಿ. ಆರ್‌ಎಂಎಸ್‌ಎಸ್‌ಡಿ ಲೆಕ್ಕ ಹಾಕುವುದು ಹೀಗೆ: ಒಂದರ ಪಕ್ಕದ ಇನ್ನೊಂದು ಅಂತರದ ವ್ಯತ್ಯಾಸ ತೆಗೆದು, ವರ್ಗ ಮಾಡಿ, ಎಲ್ಲದರ ಸರಾಸರಿ ಹಿಡಿದು, ವರ್ಗಮೂಲ ಹಾಕುತ್ತಾರೆ. ವರ್ಗ ಮಾಡುತ್ತಾರೆ ಎನ್ನುವುದನ್ನು ಗಮನಿಸಿ, ಎಲ್ಲ ಎಡವಟ್ಟೂ ಅಲ್ಲೇ. ಬಡಿತ 150, ಅಳತೆ ಎರಡು ನಿಮಿಷ, ಒಟ್ಟು 300 ಬಡಿತ, ನಿಜವಾದ ಆರ್‌ಎಂಎಸ್‌ಎಸ್‌ಡಿ 3 ಎಂದಿಟ್ಟುಕೊಳ್ಳಿ. ಎಲೆಕ್ಟ್ರೋಡ್ ಒಂದು ಕ್ಷಣ ಜಾರಿ ಒಂದೇ ಒಂದು ಬಡಿತ ಯಂತ್ರದ ಕಣ್ಣು ತಪ್ಪಿತು. 400, 400 ಎಂದು ಬರುತ್ತಿದ್ದ ಸಾಲಿನಲ್ಲಿ ಒಂದು 800 ಬಂತು. ಹೋಗುವಾಗ 400ರ ವ್ಯತ್ಯಾಸ, ಬರುವಾಗ 400ರ ವ್ಯತ್ಯಾಸ. ಎರಡರ ವರ್ಗ ಕೂಡಿಸಿದರೆ 3,20,000. ಮುನ್ನೂರರಿಂದ ಭಾಗಿಸಿ ವರ್ಗಮೂಲ ಹಾಕಿದರೆ ಸುಮಾರು 33. ಮುನ್ನೂರರಲ್ಲಿ ಒಂದು ಬಡಿತ ತಪ್ಪಿದ್ದಕ್ಕೆ 3 ಇದ್ದದ್ದು 33 ಆಯಿತು! ಅದನ್ನು ನೋಡಿ “ನನ್ನ ಹಾರ್ಟ್ ಬಹಳ ಸ್ಟ್ರಾಂಗು” ಎಂದು ಖುಷಿಪಟ್ಟು ಹೋಗುವವರಿದ್ದಾರೆ. ಅವರ ಸಂತೋಷ ಕಿತ್ತುಕೊಳ್ಳಲು ಮನಸ್ಸು ಬರುವುದಿಲ್ಲ, ಆದರೆ ಹೇಳಲೇಬೇಕು.

ಎಕ್ಟೋಪಿಕ್ ಬಡಿತವೂ ಹೀಗೇ ಕೆಡಿಸುತ್ತದೆ. ಅವಧಿಗೆ ಮುಂಚೆ ಒಂದು ಬಡಿತ ಬಂದು 260, ಆಮೇಲೆ 540 ಎಂದಾದರೂ ಅದೇ ಎರಡು ನಿಮಿಷದ ಲೆಕ್ಕ 20ರ ಹತ್ತಿರ ಹೋಗುತ್ತದೆ. ಅಂಥ ಬಡಿತವನ್ನು ಇಸಿಜಿಯಲ್ಲಿ ವೈದ್ಯರು ನೋಡಬೇಕು. ಎಚ್‌ಆರ್‌ವಿ ಲೆಕ್ಕಕ್ಕೆ ಮಾತ್ರ ಅದನ್ನು ಸೇರಿಸುವಂತಿಲ್ಲ. ತಂತ್ರಾಂಶ ತಾನೇ ತಿದ್ದುತ್ತದೆ ಎಂದು ನೆಚ್ಚಿ ಕೂರದೆ, ತಿದ್ದಿದ ಜಾಗಗಳನ್ನು ಒಂದೊಂದಾಗಿ ಕಣ್ಣಿನಿಂದ ನೋಡಬೇಕು. ತಿದ್ದುಪಡಿ ನೂರಕ್ಕೆ ಐದನ್ನು ದಾಟಿದರೆ ಆ ತುಂಡನ್ನು ಕೈಬಿಡುವುದೇ ಒಳ್ಳೆಯದು.

ಯಂತ್ರದ ಕಣ್ಣಿಗೆ ಬಡಿತ ತಪ್ಪುವುದು ಹೆಚ್ಚಾಗಿ ಚರ್ಮದ ಮೇಲೆ ಶುರುವಾಗುತ್ತದೆ. ತಿಪಟೂರು ಕಡೆಯ ಹಿರಿಯರಲ್ಲಿ ಕೆಲವರು ಎದೆಗೆ, ಭುಜಕ್ಕೆ ಕೊಬ್ಬರಿ ಎಣ್ಣೆ ಸವರಿಕೊಂಡೇ ಬಂದಿರುತ್ತಾರೆ. ಅದರ ಮೇಲೆ ಪೌಡರ್ ಬೇರೆ. ಎಲೆಕ್ಟ್ರೋಡ್ ಮೊದಲ ಮೂರು ನಿಮಿಷ ಹಿಡಿದಿರುತ್ತದೆ, ಬೆವರು ಬಂದೊಡನೆ ತೇಲತೊಡಗುತ್ತದೆ. ಆದ್ದರಿಂದ ಕೂದಲು ತೆಗೆದು, ಸ್ಪಿರಿಟ್ ಹತ್ತಿಯಲ್ಲಿ ಎಣ್ಣೆ ಹೋಗುವ ತನಕ ಒರೆಸಿ, ಪೂರ್ತಿ ಆರಲು ಬಿಟ್ಟು, ಒರಟು ಬಟ್ಟೆಯಲ್ಲಿ ಮೂರ್ನಾಲ್ಕು ಸಲ ಉಜ್ಜಿ, ಚರ್ಮ ತುಸು ಕೆಂಪಾದ ಮೇಲೆ ಅಂಟಿಸಬೇಕು. ತಂತಿಯನ್ನು ಒಂದು ಸುತ್ತು ಸುತ್ತಿ ಟೇಪ್ ಹಾಕಿದರೆ ಓಡುವಾಗ ಎಳೆತ ಎಲೆಕ್ಟ್ರೋಡ್ ಮೇಲೆ ಬೀಳುವುದಿಲ್ಲ. ಆಮೇಲೆ ಪ್ರತಿ ಎಲೆಕ್ಟ್ರೋಡನ್ನೂ ಬೆರಳಿನಿಂದ ಮೆಲ್ಲಗೆ ತಟ್ಟಿ, ಪರದೆ ನೋಡಿ. ಗೆರೆ ಎಗರಿದರೆ ಕಿತ್ತು ಮತ್ತೆ ಅಂಟಿಸಿ. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಹೊರಗೆ ಸರದಿ ಉದ್ದವಿದೆ ಎಂದು ಈ ಹತ್ತು ನಿಮಿಷವನ್ನೇ ಉಳಿಸಲು ನೋಡುತ್ತಾರೆ, ಆಮೇಲೆ ಪರೀಕ್ಷೆಯನ್ನೇ ಮತ್ತೆ ಮಾಡಬೇಕಾಗುತ್ತದೆ.

ಎದೆಪಟ್ಟಿಯಾದರೆ ಒಳಬದಿಯನ್ನು ನೀರಲ್ಲಿ ಚೆನ್ನಾಗಿ ಒದ್ದೆ ಮಾಡಿ, ಆಳವಾಗಿ ಉಸಿರೆಳೆದರೂ ಜಾರದಷ್ಟು ಬಿಗಿಯಾಗಿ ಕಟ್ಟಬೇಕು. ಮುಂಗೈ ವಾಚಿನ ಮಾತು ಬೇರೆ. ಅದು ವಿದ್ಯುತ್ ಅಲೆ ಅಳೆಯುವುದಿಲ್ಲ, ಚರ್ಮದೊಳಗಿನ ರಕ್ತದ ಉಬ್ಬರವನ್ನು ಬೆಳಕಿನಿಂದ ನೋಡುತ್ತದೆ. ಕೈ ಬೀಸಿ ಓಡುವಾಗ ಎಷ್ಟೋ ಸಲ ಬಡಿತದ ಬದಲು ಹೆಜ್ಜೆಯನ್ನೇ ಎಣಿಸಿಬಿಡುತ್ತದೆ. ಮಲಗಿರುವಾಗ ಅದನ್ನು ತಕ್ಕಮಟ್ಟಿಗೆ ನಂಬಬಹುದು, ಓಡುವಾಗಿನ ಎಚ್‌ಆರ್‌ವಿಗೆ ಬೇಡ.

ಟಿಎಂಟಿ ರಿಪೋರ್ಟ್ ಹಾಳೆ ತಂದು “ಇದರಲ್ಲೇ ಎಚ್‌ಆರ್‌ವಿ ನೋಡಿ ಹೇಳಿ” ಎನ್ನುವವರಿಗೂ ಒಂದು ಮಾತು. ಸೆಕೆಂಡಿಗೆ 25 ಮಿಲಿಮೀಟರ್ ಓಡುವ ಕಾಗದದಲ್ಲಿ ಒಂದು ಸಣ್ಣ ಚೌಕ 40 ಮಿಲಿಸೆಕೆಂಡ್. ಮೂರು ಮಿಲಿಸೆಕೆಂಡ್ ಎಂದರೆ ಆ ಚೌಕದ ಹತ್ತರಲ್ಲೊಂದು ಪಾಲೂ ಇಲ್ಲ, ಪೆನ್ನಿನ ಗೆರೆಯೇ ಅದಕ್ಕಿಂತ ದಪ್ಪ. ಪಕ್ಕದಲ್ಲಿ ಅಚ್ಚಾಗಿರುವ ಹಾರ್ಟ್ ರೇಟ್ ಹಲವು ಬಡಿತಗಳ ಸರಾಸರಿ. ಬೇಕಾದದ್ದು ಪ್ರತಿ ಬಡಿತದ ಅಂತರವಿರುವ ಕಚ್ಚಾ ಫೈಲ್, ಸಾಧ್ಯವಾದರೆ ಸೆಕೆಂಡಿಗೆ 1000 ಬಿಂದುವಿನಲ್ಲಿ ದಾಖಲಾದದ್ದು. 250 ಬಿಂದುವಿನಲ್ಲಿ ಒಂದೊಂದು ಬಿಂದುವೇ 4 ಮಿಲಿಸೆಕೆಂಡ್, ಮೂರನ್ನು ಅದರಲ್ಲಿ ಅಳೆಯುವುದು ಹೇಗೆ?

ಟಿಎಂಟಿಯಲ್ಲಿ ಹಂತ ಹಂತವಾಗಿ ಓಡಿಸುವ ಬ್ರೂಸ್ ಪ್ರೋಟೋಕಾಲ್ ಕೂಡ ಇದಕ್ಕೆ ಹೊಂದುವುದಿಲ್ಲ. ಗಂಟೆಗೆ 2.7 ಕಿಲೋಮೀಟರ್, ನೂರಕ್ಕೆ ಹತ್ತು ಏರು ಎಂದು ಶುರುವಾಗಿ ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ಬಡಿತ ಒಂದು ಹಂತದಲ್ಲಿ ನೆಲೆ ನಿಲ್ಲುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ವ್ಯಾಯಾಮದಲ್ಲಿ ಎಚ್‌ಆರ್‌ವಿ ಅಳೆಯಲೇಬೇಕಾದರೆ ಒಂದೇ ವೇಗ, ಒಂದೇ ಏರಿನಲ್ಲಿ ಏಳು ನಿಮಿಷ ನಡೆಸಿ, ಮೊದಲ ಎರಡು ನಿಮಿಷ ಬಿಟ್ಟು, ಉಳಿದ ಐದನ್ನು ತೆಗೆದುಕೊಳ್ಳಬೇಕು. ಸೈಕಲ್ ಆದರೆ ಗೆರೆ ಇನ್ನೂ ಸ್ವಚ್ಛ. ಉಸಿರನ್ನೂ ಬರೆದಿಟ್ಟುಕೊಳ್ಳಿ. 1996ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಉಸಿರಿನ ಜೊತೆ ಏರಿಳಿಯುವ ಅಲೆಯ ಆವರ್ತನ ಪಟ್ಟಿ 0.15ರಿಂದ 0.4 ಹರ್ಟ್ಜ್, ಅಂದರೆ ನಿಮಿಷಕ್ಕೆ 9ರಿಂದ 24 ಉಸಿರು. ಓಡುವಾಗ 40 ಉಸಿರಾದರೆ ಅದು ಪಟ್ಟಿಯ ಹೊರಗೇ ಉಳಿಯುತ್ತದೆ, ತಂತ್ರಾಂಶ ಸೊನ್ನೆಯ ಹತ್ತಿರ ತೋರಿಸಬಹುದು. ಇನ್ನು ಜೋರು ಓಟದಲ್ಲಿ ಉಳಿಯುವ ಪುಟ್ಟ ಅಲೆ ಹೆಚ್ಚಾಗಿ ಎದೆಯ ಎಳೆತದಿಂದ ಬರುವಂಥದ್ದು, ನರದ ಕೆಲಸವಲ್ಲ. ಹೃದಯ ಕಸಿಯಾಗಿ ನರದ ಸಂಪರ್ಕ ಕಡಿದವರಲ್ಲೂ ಅದು ಕಾಣುತ್ತದೆ.

ವ್ಯಾಯಾಮ ಪರೀಕ್ಷೆಯಿಂದ ಸಾಮಾನ್ಯರಿಗೆ ಉಪಯೋಗದ ಸಂಖ್ಯೆ ಬೇಕೆಂದರೆ ಓಟ ಮುಗಿದ ಮೊದಲ ನಿಮಿಷ ನೋಡಿ: ಬಿಟ್ಟ ಹಗ್ಗವನ್ನು ವೇಗಸ್ ಎಷ್ಟು ಬೇಗ ಮತ್ತೆ ಹಿಡಿಯುತ್ತದೆ ಎನ್ನುವುದು. ಗರಿಷ್ಠ ಬಡಿತಕ್ಕೂ ಒಂದು ನಿಮಿಷದ ನಂತರದ ಬಡಿತಕ್ಕೂ ಇರುವ ಇಳಿಕೆ 12 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವೈದ್ಯರು ಗಮನ ಕೊಡುತ್ತಾರೆ. ಈ 12, ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 1999ರಲ್ಲಿ ಪ್ರಕಟಿಸಿದ ಅಧ್ಯಯನದ್ದು. ಅಲ್ಲಿ ಓಟ ಮುಗಿಸಿದವರು ಗಂಟೆಗೆ 2.4 ಕಿಲೋಮೀಟರ್ ವೇಗದಲ್ಲಿ ಮೆಲ್ಲಗೆ ನಡೆಯುತ್ತಿದ್ದರು. ತಕ್ಷಣ ಮಲಗಿಸಿದರೆ ಬಡಿತ ಇನ್ನೂ ಬೇಗ ಇಳಿಯುತ್ತದೆ, ಅದಕ್ಕೆ 18 ಗಡಿ. ಬೆಲ್ಟ್ ನಿಲ್ಲಿಸಿ ಮಲಗಿಸಿಯೂ 12ರಲ್ಲೇ ತೂಗಿದರೆ ಗಮನ ಬೇಕಾದವರು ತಪ್ಪಿಹೋಗುತ್ತಾರೆ. ನಡೆದರೋ, ಕೂತರೋ, ಮಲಗಿದರೋ ಎನ್ನುವುದನ್ನು ರಿಪೋರ್ಟಿನಲ್ಲಿ ಬರೆಯಲೇಬೇಕು.

ಎಚ್‌ಆರ್‌ವಿ ಬೇಕಾದವರು ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಕಾಫಿಗೆ ಮೊದಲು, ಮಲಗಿ ಐದು ನಿಮಿಷ ಅಳೆಯಲಿ. ಹೋಲಿಕೆ ನಿಮ್ಮದೇ ಹಿಂದಿನ ವಾರದ ಜೊತೆ ಇರಲಿ, ಪಕ್ಕದ ಮನೆಯವರ ಜೊತೆ ಬೇಡ. ಏಟ್ರಿಯಲ್ ಫಿಬ್ರಿಲೇಶನ್ (ಬಡಿತ ಲಯ ತಪ್ಪಿ ಅಡ್ಡಾದಿಡ್ಡಿ ನಡೆಯುವ ಕಾಯಿಲೆ) ಇರುವವರಿಗೆ, ಪೇಸ್‌ಮೇಕರ್ ಮೇಲೆ ಬಡಿತ ನಡೆಯುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಬಹಳ ವರ್ಷದ ಸಕ್ಕರೆ ಕಾಯಿಲೆಯಿದ್ದು, ಮಲಗಿ ಅಳೆದಾಗಲೂ ಮತ್ತೆ ಮತ್ತೆ ತೀರಾ ಕಡಿಮೆ ಬಂದರೆ ವೈದ್ಯರಿಗೆ ಹೇಳಿ, ನರಕ್ಕೆ ಪೆಟ್ಟಾಗಿರಬಹುದು. ಎದೆನೋವು, ತಲೆಸುತ್ತು ಬಂದರೆ ವಾಚು ನೋಡುತ್ತಾ ಕೂರದೆ ಆಸ್ಪತ್ರೆಗೆ ಬನ್ನಿ.

ಪರೀಕ್ಷೆಯ ದಿನ ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ, ಕಾಫಿ ಮುಗಿಸಿಕೊಂಡು ನೇರ ಬರಬೇಡಿ. ಹಗುರ ಊಟವಾಗಿ ಮೂರು ಗಂಟೆ ಕಳೆದಿರಲಿ, ಕಾಫಿ ಟೀ ಆ ದಿನ ಬೇಡ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ಬಡಿತ ಏರಲು ಬಿಡುವುದಿಲ್ಲ, ಹಾಗಂತ ನೀವೇ ನಿಲ್ಲಿಸಬೇಡಿ, ಏಕಾಏಕಿ ನಿಲ್ಲಿಸಿದರೆ ಅಪಾಯ. ನಿಲ್ಲಿಸಬೇಕೋ ಬೇಡವೋ, ಎಷ್ಟು ದಿನ ಮೊದಲು ಎನ್ನುವುದನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಿ, ಮಾತ್ರೆಯ ಸ್ಟ್ರಿಪ್ ಜೊತೆಗೆ ತನ್ನಿ. ಎದೆಗೆ ಎಣ್ಣೆ, ಪೌಡರ್ ಹಚ್ಚದೆ ಬನ್ನಿ.