ಕೊನೆಯ ಮ್ಯಾನ್‌ಹೋಲ್‌ನ ಆಚೆ: ಹಾಸನದ ಹೊಸ ಬಡಾವಣೆಗಳ ಒಳಚರಂಡಿ ಕಡತ

ಹಾಸನದಿಂದ ಸಾಲಗಾಮೆ ರಸ್ತೆಯಲ್ಲಾಗಲಿ ಬೇಲೂರು ರಸ್ತೆಯಲ್ಲಾಗಲಿ ಸ್ವಲ್ಪ ದೂರ ಹೋದರೆ, ಮೊನ್ನೆ ಮೊನ್ನೆಯವರೆಗೆ ರಾಗಿ, ಆಲೂಗೆಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ ಕಮಾನು, ಡಾಂಬರು ರಸ್ತೆ, ಬಣ್ಣ ಬಳಿದ ಸೈಟ್ ಕಲ್ಲುಗಳು ಎದ್ದಿರುವುದು ಕಾಣುತ್ತದೆ. ರಸ್ತೆಯ ಉದ್ದಕ್ಕೂ ಮ್ಯಾನ್‌ಹೋಲ್ ಮುಚ್ಚಳಗಳೂ ಇರುತ್ತವೆ. ಮಾರಾಟದ ಕರಪತ್ರದಲ್ಲಿ ‘ಯುಜಿಡಿ (ಒಳಚರಂಡಿ) ಸೌಲಭ್ಯವಿದೆ’ ಎಂದು ಅಚ್ಚಾಗಿದ್ದರೆ ಅದು ಸುಳ್ಳೇನೂ ಅಲ್ಲ, ಕೊಳವೆ ಇದ್ದೇ ಇದೆ. ಆ ಕೊಳವೆ ಬಡಾವಣೆಯ ತಗ್ಗಿನ ಮೂಲೆಯಲ್ಲಿರುವ ಕೊನೆಯ ಮ್ಯಾನ್‌ಹೋಲ್ ದಾಟಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಕರಪತ್ರ ಹೇಳುವುದಿಲ್ಲ. ಇಷ್ಟೊಂದು ಅನುಮತಿಗಳ ನಡುವೆಯೂ ಈ ಪ್ರಶ್ನೆ ಹೇಗೆ ತಪ್ಪಿಸಿಕೊಳ್ಳುತ್ತದೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಡಾವಣೆಯೊಂದರ ಕಡತದಲ್ಲಿ ಬೇರೆ ಬೇರೆ ಕಾಲದ ಕಾಯ್ದೆಗಳು ಒಟ್ಟಿಗೆ ಸೇರುತ್ತವೆ. ನಕ್ಷೆ ಅನುಮೋದನೆಯ ಮೂಲ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಕೃಷಿ ಜಮೀನನ್ನು ಪರಿವರ್ತಿಸುವುದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ. ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಹುಟ್ಟಿದ್ದು 1973ರ ಕಾಯ್ದೆಯಿಂದ. ಕೊಳಚೆಯನ್ನು ಹೊರಬಿಡಲು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕೆಂದದ್ದು 1974ರ ಜಲ ಕಾಯ್ದೆ. ಹುಡಾದಂಥ (ಹಾಸನ ನಗರಾಭಿವೃದ್ಧಿ ಪ್ರಾಧಿಕಾರ) ಪ್ರಾಧಿಕಾರಗಳಿಗೆ ಆಧಾರ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ. ಪ್ರತಿಯೊಂದೂ ತನ್ನ ಕಾಲದ ಒಂದು ತೊಂದರೆಗೆ ಉತ್ತರವಾಗಿ ಬಂದದ್ದು. ಇವೆಲ್ಲ ಒಂದೇ ಕಡತದಲ್ಲಿ ಕೂಡಿದಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮಾತ್ರ ಯಾವ ಕಾಯ್ದೆಯೂ ನೇರವಾಗಿ ಬರೆದಿಡಲಿಲ್ಲ.

1993ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಇನ್ನೊಂದು ದಾರಿ ತೆರೆಯಿತು. ನಕ್ಷೆ ಅನುಮೋದನೆಯೇ ಇಲ್ಲದೆ ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ, ಪಂಚಾಯಿತಿ ದಾಖಲೆಯ ಮೇಲೆ ಮಾರುವ ಕಂದಾಯ ನಿವೇಶನಗಳು ಊರಿನ ಸುತ್ತ ಹಬ್ಬಿದವು. 2013ರಲ್ಲಿ ಬಂದ ಇ-ಸ್ವತ್ತು ತಂತ್ರಾಂಶ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಕ್ಕೆ ಒಂದಷ್ಟು ಶಿಸ್ತು ತಂದಿತು. ನಿಯಮ ಮೀರಿದ ನಿವೇಶನ, ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ-ಸಕ್ರಮದ ನಿಯಮಗಳು 2014ರಲ್ಲಿ ಬಂದು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಗೆ ಸಿಕ್ಕವು. ಆ ಚರ್ಚೆ ಬಹುಮಟ್ಟಿಗೆ ಖಾತೆ ಮತ್ತು ದಂಡದ ಸುತ್ತಲೇ ತಿರುಗಿತು. ಚರಂಡಿಯ ಮಾತು ಅದರಲ್ಲಿ ಬಂದದ್ದು ಕಡಿಮೆ.

ಈಗ ಕ್ರಮಬದ್ಧವಾದ ಬಡಾವಣೆಯ ದಾರಿಗೆ ಬರೋಣ, ಏಕೆಂದರೆ ನಿಜವಾದ ಸಿಕ್ಕು ಇರುವುದು ಇಲ್ಲಿಯೇ. ಜಮೀನಿನ ಮಾಲೀಕರು ಸಾಮಾನ್ಯವಾಗಿ ಮೊದಲು ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ (ಜನರ ಬಾಯಲ್ಲಿ ಅಲಿನೇಷನ್) ಪಡೆದು, ನಕ್ಷೆಯನ್ನು ಯೋಜನಾ ಪ್ರಾಧಿಕಾರಕ್ಕೆ ಸಲ್ಲಿಸುತ್ತಾರೆ. ಪ್ರಾಧಿಕಾರ ತಾತ್ಕಾಲಿಕ ಅನುಮೋದನೆ ಕೊಟ್ಟು, ನೀರು ಮತ್ತು ಒಳಚರಂಡಿಯ ವಿನ್ಯಾಸಕ್ಕೆ ಒಳಚರಂಡಿ ಮಂಡಳಿಯಿಂದಲೂ ವಿದ್ಯುತ್ತಿಗೆ ಸರಬರಾಜು ಕಂಪನಿಯಾದ ಸೆಸ್ಕ್‌ನಿಂದಲೂ ತಾಂತ್ರಿಕ ಒಪ್ಪಿಗೆ ತರಲು ಹೇಳುತ್ತದೆ. ಕಾಮಗಾರಿ ಮುಗಿದಂತೆಲ್ಲ ನಿವೇಶನಗಳು ಹಂತ ಹಂತವಾಗಿ ಬಿಡುಗಡೆಯಾಗುತ್ತವೆ. ರಸ್ತೆ, ಉದ್ಯಾನ, ಸಿಎ (ನಾಗರಿಕ ಸೌಲಭ್ಯದ) ಸೈಟುಗಳನ್ನು ಕೊನೆಗೆ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು.

ಒಳಚರಂಡಿ ಮಂಡಳಿಯ ಎಂಜಿನಿಯರ್ ನೋಡುವುದು ಬಡಾವಣೆಯ ಒಳಗಿನ ಜಾಲವನ್ನು. ಕೊಳವೆ ಕನಿಷ್ಠ 150 ಮಿ.ಮೀ. ಇದೆಯೇ, ಕಸ ತಂಗದಂತೆ ಕೊಳಚೆ ಸೆಕೆಂಡಿಗೆ 0.6 ಮೀಟರ್ ವೇಗದಲ್ಲಿ ಹರಿಯುವಷ್ಟು ವಾಟ ಇದೆಯೇ, ಮ್ಯಾನ್‌ಹೋಲ್‌ಗಳ ಅಂತರ ಸರಿಯಿದೆಯೇ ಎಂಬುದು ಅವರ ಪರಿಶೀಲನೆ. ಲೆಕ್ಕ ಕಷ್ಟದ್ದೇನಲ್ಲ. 150 ನಿವೇಶನ, ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದು ಹಿಡಿದರೆ ದಿನಕ್ಕೆ 81,000 ಲೀಟರ್ ಆಗುತ್ತದೆ. ಹತ್ತಿರದಲ್ಲಿ ನಗರದ ಮುಖ್ಯ ಕೊಳವೆ ಇದ್ದರೆ ಅದಕ್ಕೆ ಸೇರಿಸುವುದು ಸಹಜ. ಆದರೆ ಹೊಲಗಳ ನಡುವೆ ಎದ್ದ ಬಡಾವಣೆಗೆ ಆ ಕೊಳವೆ ಹಲವೊಮ್ಮೆ ಒಂದೆರಡು ಕಿಲೋಮೀಟರ್ ದೂರದಲ್ಲಿರುತ್ತದೆ. ನಡುವೆ ಬೇರೆಯವರ ಜಮೀನು, ಒಂದು ಹಳ್ಳ, ಕೆಲವೊಮ್ಮೆ ಒಂದು ಕೆರೆಯ ಏರಿ. ಆ ದೂರವನ್ನು ತುಂಬುವ ಹೊಣೆ ಯಾರದು ಎಂಬಲ್ಲಿ ಕಡತದ ಭಾಷೆ ಮೆತ್ತಗಾಗುತ್ತದೆ.

ಬದಲಿಗೆ ಬರುವುದು ಬಡಾವಣೆಯೊಳಗೇ ಸಂಸ್ಕರಣಾ ಘಟಕ, ಅಂದರೆ ಎಸ್‌ಟಿಪಿ. ಕಾಗದದ ಮೇಲೆ ಇದು ಒಳ್ಳೆಯ ಪರಿಹಾರವೇ. ಸಂಸ್ಕರಿಸಿದ ನೀರಿನ ಗುಣಮಟ್ಟವೂ ಬಿಗಿಯಾಗುತ್ತ ಬಂದಿದೆ: ಮಹಾನಗರಗಳಲ್ಲದ ಊರುಗಳಿಗೆ 2017ರ ಕೇಂದ್ರ ಅಧಿಸೂಚನೆ ಲೀಟರಿಗೆ 30 ಮಿ.ಗ್ರಾಂ. ಬಿಒಡಿ (ನೀರಿನಲ್ಲಿ ಉಳಿದ ಸಾವಯವ ಕೊಳೆಯ ಅಳತೆ) ಸಾಕೆಂದಿತ್ತು, 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಇಳಿಸಬೇಕೆಂದಿತು. ಆದರೆ ಎಸ್‌ಟಿಪಿ ಎಂಬುದು ಯಂತ್ರಕ್ಕಿಂತ ಹೆಚ್ಚಾಗಿ ಒಂದು ಜೀವಂತ ತೊಟ್ಟಿ. ಅದರೊಳಗಿನ ಸೂಕ್ಷ್ಮಾಣುಗಳಿಗೆ ದಿನವೂ ಕೊಳಚೆಯ ಊಟ, ಗಾಳಿ, ವಿದ್ಯುತ್ತು ಬೇಕು. ನಮ್ಮ ಕಡೆ ಸೈಟು ಕೊಳ್ಳುವವರಲ್ಲಿ ಅನೇಕರು ಮಕ್ಕಳ ಮದುವೆಗೋ ಓದಿಗೋ ಆಗಲೆಂದು ಕೊಂಡವರು. ನೂರೈವತ್ತು ಸೈಟುಗಳಲ್ಲಿ ಹನ್ನೆರಡು ಮನೆ ಎದ್ದ ಬಡಾವಣೆಯಲ್ಲಿ 81,000 ಲೀಟರಿನ ಘಟಕಕ್ಕೆ ಸೇರುವುದು ಸುಮಾರು ಆರೂವರೆ ಸಾವಿರ ಲೀಟರ್. ಸೂಕ್ಷ್ಮಾಣುಗಳು ಹಸಿದು ಸಾಯುತ್ತವೆ, ಗಾಳಿ ಊದುವ ಬ್ಲೋವರ್ ನಿಲ್ಲುತ್ತದೆ, ಮನೆ ಕಟ್ಟಿದವರು ತಮ್ಮ ತಮ್ಮ ಕಾಂಪೌಂಡಿನಲ್ಲಿ ಗುಂಡಿ ತೋಡಿಸಿ ಸಕ್ಕಿಂಗ್ ಗಾಡಿಯವರ ನಂಬರ್ ಇಟ್ಟುಕೊಳ್ಳುತ್ತಾರೆ. ಪೂರ್ಣ ತುಂಬಿದ ಊರಿಗೆ ಲೆಕ್ಕ ಹಾಕಿದ ವಿನ್ಯಾಸ ಖಾಲಿ ಊರಿನಲ್ಲಿ ಹೇಗೆ ನಡೆಯಬೇಕು ಎಂಬ ಕಾಲಂ ನಮೂನೆಯಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ಪರಿಸರ ಅನುಮತಿಯ ಜರಡಿಯೂ ಇಲ್ಲಿ ಹೆಚ್ಚು ಹಿಡಿಯುವುದಿಲ್ಲ. 2006ರ ಅಧಿಸೂಚನೆ ಬಡಾವಣೆ ಮಾದರಿಯ ಯೋಜನೆಗಳಿಗೆ ಇಟ್ಟ ಮಿತಿ 50 ಹೆಕ್ಟೇರ್, ಅಂದರೆ ಸುಮಾರು 123 ಎಕರೆ. ಹತ್ತು ಹದಿನೈದು ಎಕರೆಯ ಬಡಾವಣೆಗಳು ಒಂದರ ಪಕ್ಕ ಒಂದು ಎದ್ದು ಒಟ್ಟಾರೆ ಅಷ್ಟೇ ದೊಡ್ಡದಾದರೂ, ಪ್ರತಿ ಕಡತವೂ ಬೇರೆ ಬೇರೆಯಾಗಿ ಚಿಕ್ಕದಾಗಿಯೇ ಉಳಿಯುತ್ತದೆ. ಹಳ್ಳಕ್ಕೆ ಮಾತ್ರ ಈ ವಿಂಗಡಣೆ ಗೊತ್ತಿಲ್ಲ.

ನಗರದ ಕಡೆಯಿಂದ ನೋಡಿದರೆ, 2011ರ ಜನಗಣತಿಯಲ್ಲಿ ಹಾಸನ ನಗರಸಭೆಯ ಜನಸಂಖ್ಯೆ ಸುಮಾರು 1.33 ಲಕ್ಷ, ನಗರಗಳ ನೀರು, ಒಳಚರಂಡಿಗೆಂದು ಬಂದ ಕೇಂದ್ರದ 2015ರ ಅಮೃತ್ ಯೋಜನೆಯ ಪಟ್ಟಿಯಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಇದ್ದವು. ಇಂಥ ಯೋಜನೆಗಳು ಸಾಮಾನ್ಯವಾಗಿ ಇರುವ ವಾರ್ಡುಗಳ ಲೆಕ್ಕದಿಂದ ಹೊರಡುತ್ತವೆ. ಗಡಿಯಾಚೆ ಪಂಚಾಯಿತಿ ಜಮೀನಿನಲ್ಲಿ ಬೆಳೆದದ್ದು ಗಡಿ ಹಿಗ್ಗಿದಾಗಲೇ ಎಣಿಕೆಗೆ ಬರುತ್ತದೆ. ಹಾಸನ ಮಹಾನಗರ ಪಾಲಿಕೆಯಾಗುವುದರೊಂದಿಗೆ ಆ ಎಣಿಕೆ ಶುರುವಾಗಬೇಕು.

ಸೈಟು ನೋಡಲು ಹೋಗುವವರು ಖಾತೆ, ಇಸಿ (ಋಣಭಾರ ಪತ್ರ), ಅನುಮೋದಿತ ನಕ್ಷೆಗಳ ಜೊತೆಗೆ ಒಳಚರಂಡಿಯ ಉದ್ದಕೊಯ್ತದ ನಕ್ಷೆಯನ್ನೂ (ಕೊಳವೆಯ ಉದ್ದಕ್ಕೂ ಮಟ್ಟಗಳನ್ನು ತೋರಿಸುವ ನಕ್ಷೆ) ಕೇಳಿ ನೋಡಬಹುದು. ಅದರಲ್ಲಿ ಕೊನೆಯ ಮ್ಯಾನ್‌ಹೋಲ್‌ನ ತಳಮಟ್ಟ ಮತ್ತು ಅದು ಸೇರಬೇಕಾದ ನಗರದ ಕೊಳವೆಯ ತಳಮಟ್ಟ ಎರಡೂ ಇರಬೇಕು. ಮೊದಲನೆಯದು ತಗ್ಗಿನಲ್ಲಿದ್ದರೆ ಕೊಳಚೆ ತಾನಾಗಿ ಹರಿಯದು, ವೆಟ್‌ವೆಲ್ (ಕೊಳಚೆ ಸಂಗ್ರಹವಾಗುವ ಬಾವಿ) ಕಟ್ಟಿ ಪಂಪಿನಿಂದ ಎತ್ತಬೇಕು. ಆಗ ಕೇಳಲು ಇನ್ನೊಂದೇ ಪ್ರಶ್ನೆ ಉಳಿಯುತ್ತದೆ: ಆ ಪಂಪಿನ ಕರೆಂಟ್ ಮೀಟರು ಯಾರ ಹೆಸರಿನಲ್ಲಿದೆ?