ಗರಗಸವೂ ಒಂದು ಔಷಧ

ಕೋಳಿಗಳು ಸೀನುತ್ತಿವೆ, ಕಣ್ಣಿನ ಅಂಚಿನಲ್ಲಿ ನೊರೆ ಕಟ್ಟಿದೆ ಎಂಬ ಕರೆ ಬಂದಾಗ ನಾನು ಔಷಧದ ಚೀಲದ ಜೊತೆಗೆ ಒಂದು ಗರಗಸವನ್ನೂ ಒಯ್ಯುತ್ತೇನೆ. ಸೋಂಕು ಇದೆಯೇ ಎಂದು ಮೊದಲು ಪರೀಕ್ಷಿಸುತ್ತೇನೆ, ಅದರಲ್ಲಿ ಅನುಮಾನ ಬೇಡ. ಆದರೆ ಹೊಸದಾಗಿ ಕೋಳಿ ಸಾಕಲು ಹೊರಟವರ ಗೂಡಿನ ಬಾಗಿಲು ತೆರೆದ ಕೂಡಲೇ ನನ್ನ ಕಣ್ಣೇ ಉರಿಯತೊಡಗಿದರೆ, ಅಲ್ಲಿ ಮೊದಲು ಆಗಬೇಕಾದದ್ದು ಗೋಡೆಯ ಚಿಕಿತ್ಸೆ. ಸೂರಿನ ಕೆಳಗಿನ ಹಲಗೆಯನ್ನು ಕೊಯ್ದು ತೆಗೆದು ಅಲ್ಲಿಗೆ ಜಾಲರಿ ಹೊಡೆಯಿಸುತ್ತೇನೆ.

ಮೊದಲ ಗೂಡು ಕಟ್ಟುವವರೆಲ್ಲ ಮಾಡುವ ತಪ್ಪು ಪ್ರೀತಿಯಿಂದ ಹುಟ್ಟಿದ್ದು. ಪಾಪ, ಚಳಿಯಾಗಬಾರದು ಎಂದು ಒಂದು ಬಿರುಕನ್ನೂ ಬಿಡದೆ ಮುಚ್ಚುತ್ತಾರೆ. ಕೋಳಿಯ ಮೈಬಿಸಿ 41ರಿಂದ 42 ಡಿಗ್ರಿ ಸೆಲ್ಸಿಯಸ್. ಅದರ ಮೇಲೆ ಗರಿಯ ಹೊದಿಕೆ ಬೇರೆ. ಒಣ ಚಳಿಯನ್ನು ಅದು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ತಾಳಲಾರದ್ದು ತೇವವನ್ನು. ಹಸಿ ಹಿಕ್ಕೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು, ಉಸಿರಿನಿಂದ ಹೊರಬೀಳುವ ತೇವ ಇನ್ನೊಂದಿಷ್ಟು. ಇಡೀ ರಾತ್ರಿ ಇವೆರಡೂ ಮುಚ್ಚಿದ ಗೂಡಿನಲ್ಲೇ ಸುತ್ತುತ್ತವೆ. ತೇವ ಸಿಕ್ಕೊಡನೆ ಸೂಕ್ಷ್ಮಜೀವಿಗಳು ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಒಡೆದು ಅಮೋನಿಯಾ ಮಾಡುತ್ತವೆ. ಗಾಳಿಯಲ್ಲಿ ಅದು ದಶಲಕ್ಷಕ್ಕೆ 25 ಭಾಗ ದಾಟಬಾರದು ಎಂಬುದು ಕೋಳಿ ಸಾಕಣೆಯಲ್ಲಿ ಸಾಮಾನ್ಯವಾಗಿ ಒಪ್ಪಿದ ಮಿತಿ. ಅಳೆಯುವ ಉಪಕರಣ ಬೇಕಿಲ್ಲ. ಬೆಳಗ್ಗೆ ಬಾಗಿಲು ತೆರೆದ ತಕ್ಷಣ ಒಳಗೆ ಹೋಗಿ, ಕುಕ್ಕರುಗಾಲಿನಲ್ಲಿ ಕೋಳಿಯ ತಲೆಯ ಎತ್ತರಕ್ಕೆ ಕುಳಿತು ಉಸಿರೆಳೆದರೆ ಸಾಕು. ದಿನವೂ ಹೋಗುವವರ ಮೂಗು ವಾಸನೆಗೆ ಒಗ್ಗಿಕೊಂಡಿರುತ್ತದೆ, ಹಾಗಾಗಿ ಈ ಕೆಲಸಕ್ಕೆ ಮನೆಗೆ ಬಂದ ನೆಂಟರು ಹೆಚ್ಚು ಯೋಗ್ಯರು.

ಗಾಳಿಗಿಂಡಿಗಳು ಕೂತ ಕೋಳಿಯ ತಲೆಗಿಂತ ಮೇಲೆ, ಎದುರುಬದುರು ಗೋಡೆಗಳಲ್ಲಿ ಇರಲಿ. ಕೋಳಿಯೊಂದಕ್ಕೆ ಒಟ್ಟು ಒಂದು ಚದರ ಅಡಿ ತೆರವು ಎಂದು ಲೆಕ್ಕ ಹಿಡಿದರೆ ಮೋಸವಿಲ್ಲ. ಸೆಕೆಯ ಪ್ರದೇಶದಲ್ಲಿ ಒಂದಿಡೀ ಗೋಡೆಯೇ ಜಾಲರಿಯಾದರೂ ಸರಿ. ಕೋಳಿ ಬೆವರುವುದಿಲ್ಲ, ಬಾಯ್ತೆರೆದು ಏದುಸಿರು ಬಿಟ್ಟೇ ತಣಿಯಬೇಕು.

ಜಾಗದ ಲೆಕ್ಕ ಸುಲಭ. ಕೋಳಿಯೊಂದಕ್ಕೆ ಒಳಗೆ 4 ಚದರ ಅಡಿ, ಹೊರಗಿನ ಅಂಗಳದಲ್ಲಿ 8ರಿಂದ 10. ಎಷ್ಟು ಕೋಳಿ ಎಂಬುದೇ ಕಷ್ಟದ ಪ್ರಶ್ನೆ. ಆರೇ ಸಾಕು ಎಂದವರು ಆರಕ್ಕೆ ನಿಂತದ್ದನ್ನು ನಾನು ಕಂಡಿಲ್ಲ. ಎರಡು ವರ್ಷದ ನಂತರ ಎಷ್ಟಿರುತ್ತವೆ ಎಂದು ಪ್ರಾಮಾಣಿಕವಾಗಿ ಊಹಿಸಿ, ಅಷ್ಟಕ್ಕೆ ಕಟ್ಟಿ.

ರಾತ್ರಿ ಕೂರುವ ಅಡ್ಡಪಟ್ಟಿ ದುಂಡಗಿನ ಸಣ್ಣ ಕೋಲಾಗಿರುವುದಕ್ಕಿಂತ 5ರಿಂದ 9 ಸೆಂಟಿಮೀಟರ್ ಅಗಲದ ಚಪ್ಪಟೆ ಮರವಾಗಿದ್ದರೆ ಪಾದಕ್ಕೆ ಒಳ್ಳೆಯದು. ಅಂಚನ್ನು ಉಜ್ಜಿ ನುಣ್ಣಗೆ ಮಾಡಬೇಕು. ಕೋಳಿಯೊಂದಕ್ಕೆ 20ರಿಂದ 25 ಸೆಂಟಿಮೀಟರ್ ಉದ್ದ ಬೇಕು. ಮೊಟ್ಟೆಯಿಡುವ ಪೆಟ್ಟಿಗೆಗಿಂತ ಇದು ಎತ್ತರದಲ್ಲಿರಬೇಕು, ಇಲ್ಲವಾದರೆ ಅವು ಪೆಟ್ಟಿಗೆಯಲ್ಲೇ ಮಲಗಿ ಅದನ್ನು ಹೊಲಸು ಮಾಡುತ್ತವೆ. ಪಟ್ಟಿಯನ್ನು ದಯವಿಟ್ಟು ಮೊಳೆ ಹೊಡೆದು ಕೂರಿಸಬೇಡಿ. ತೋಡಿನಲ್ಲಿ ಇಟ್ಟು, ಬೇಕೆಂದಾಗ ಎತ್ತಿ ತೆಗೆಯುವಂತಿರಲಿ. ಕಾರಣ ಕೆಂಪು ನುಸಿ. ಹಗಲೆಲ್ಲ ಮರದ ಸಂದಿಯಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರಲು ಬರುವ ಈ ಜೀವಿ, ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದೇ ವಾರದಲ್ಲಿ ಮೊಟ್ಟೆಯಿಂದ ಬೆಳೆದು ದೊಡ್ಡದಾಗುತ್ತದೆ, ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಕೋಳಿಯನ್ನು ಹಗಲಿನಲ್ಲಿ ಎಷ್ಟು ತಿರುವಿ ನೋಡಿದರೂ ಕಾಣುವುದಿಲ್ಲ. ಕತ್ತಲಾದ ಮೇಲೆ ಬಿಳಿ ಬಟ್ಟೆಯಿಂದ ಅಡ್ಡಪಟ್ಟಿಯ ತಳವನ್ನು ಒರೆಸಿ. ಕೆಂಪು ಗೆರೆ ಮೂಡಿದರೆ ಉತ್ತರ ಸಿಕ್ಕಂತೆ.

ಮೊಟ್ಟೆಪೆಟ್ಟಿಗೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಉದ್ದ, ಅಗಲ, ಎತ್ತರ 30 ಸೆಂಟಿಮೀಟರ್, ನಾಲ್ಕೈದು ಹೇಂಟೆಗೆ ಒಂದು. ನೀವು ಮೂರು ಮಾಡಿದರೂ ಎಲ್ಲವೂ ಒಂದರ ಮುಂದೆಯೇ ಸರದಿ ನಿಲ್ಲುತ್ತವೆ.

ಜಾಲರಿಯ ವಿಷಯದಲ್ಲಿ ನನ್ನದೇ ತಪ್ಪನ್ನು ಹೇಳಬೇಕು. ನನ್ನ ಮೊದಲ ಗೂಡಿಗೆ ಷಟ್ಕೋನ ಕಣ್ಣಿನ ತೆಳು ಕೋಳಿಬಲೆ ಹೊಡೆದಿದ್ದೆ. ಅದು ಕೋಳಿಯನ್ನು ಒಳಗಿಡುತ್ತದೆ, ಬೇಟೆಯ ಪ್ರಾಣಿಯನ್ನು ಹೊರಗಿಡುವುದಿಲ್ಲ ಎಂಬುದನ್ನು ಬೀದಿನಾಯಿಯೊಂದು ಒಂದೇ ರಾತ್ರಿಯಲ್ಲಿ ಕಲಿಸಿತು. ಅರ್ಧ ಅಂಗುಲ ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ತಂತಿಜಾಲರಿಯೇ ಬೇಕು. ಗೋಡೆಯ ಬುಡದಲ್ಲಿ ಅದೇ ಜಾಲರಿಯನ್ನು ಹೊರಮುಖವಾಗಿ ಒಂದೂವರೆ ಅಡಿ ಹಾಸಿ ಮಣ್ಣು ಮುಚ್ಚಿ. ನೆಲ ತೋಡುವ ಪ್ರಾಣಿ ಗೋಡೆಗೆ ಆತುಕೊಂಡೇ ತೋಡಲು ಶುರುಮಾಡುತ್ತದೆ, ಎರಡಡಿ ಹಿಂದಕ್ಕೆ ಸರಿದು ಆರಂಭಿಸುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಹಳೆಯ ಮರ ಬಳಸುವುದು ಒಳ್ಳೆಯದೇ, ಆದರೆ ಆ ಮರದ ಹಿಂದಿನ ಜನ್ಮ ಗೊತ್ತಿರಲಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು; ಕೋಳಿ ಚಕ್ಕೆಗಳನ್ನು ಕುಕ್ಕಿ ತಿಂದರೆ ಸೀಸ ಮೊಟ್ಟೆಗೂ ಇಳಿಯುತ್ತದೆ. ಹುಳ ಹಿಡಿಯದಂತೆ ಆರ್ಸೆನಿಕ್ ಉಣಿಸಿದ ಹಲಗೆಯೂ ಬೇಡ.

ನೆಲಕ್ಕೆ 10ರಿಂದ 15 ಸೆಂಟಿಮೀಟರ್ ದಪ್ಪಕ್ಕೆ ಮರದ ಹೆರಕಲು ಅಥವಾ ಒಣ ಎಲೆ ಹಾಸಿ, ಆಗಾಗ ತಿರುವುತ್ತಾ ಮೇಲೆ ಮೇಲೆ ಸೇರಿಸುತ್ತಾ ಹೋಗಿ. ಹಿಕ್ಕೆಯಲ್ಲಿ ಸಾರಜನಕ ಹೆಚ್ಚು, ಹೆರಕಲಿನಲ್ಲಿ ಇಂಗಾಲ ಹೆಚ್ಚು. ಇಂಗಾಲ ಸಾರಜನಕದ 25ರಿಂದ 30 ಪಟ್ಟು ಇರುವ ರಾಶಿ ಚೆನ್ನಾಗಿ ಗೊಬ್ಬರವಾಗುತ್ತದೆ. ಹಿಡಿಯಷ್ಟು ತೆಗೆದು ಹಿಸುಕಿ ನೋಡಿ. ಉಂಡೆ ಕಟ್ಟಿ ಹಾಗೆಯೇ ಉಳಿದರೆ ಒದ್ದೆಯಾಗಿದೆ, ಅಂದರೆ ಸೂರು ಸೋರುತ್ತಿದೆ ಅಥವಾ ನೀರಿನ ಪಾತ್ರೆ ಚೆಲ್ಲುತ್ತಿದೆ. ರಕ್ತಭೇದಿಯ ಪರೋಪಜೀವಿಗೆ ಬೇಕಾದದ್ದೂ ಇದೇ ಬೆಚ್ಚಗಿನ ಒದ್ದೆ. ಮರಿಗಳು ಸಾಯುವುದು ಇಲ್ಲಿಂದಲೇ. ತೆಗೆದ ಗೊಬ್ಬರವನ್ನು ಹಸಿಯಾಗಿ ತರಕಾರಿ ಮಡಿಗೆ ಹಾಕಿದರೆ ಬೇರು ಸುಡುತ್ತದೆ, ಕೆಲವು ತಿಂಗಳು ಕೊಳೆಯಲಿ.

ಇದೆಲ್ಲವನ್ನೂ ಮಾಡುವವರು ನೀವು. ಆದ್ದರಿಂದ ಬಾಗಿಲು ನಿಮ್ಮ ಎತ್ತರದ್ದಾಗಿರಲಿ. ಬಗ್ಗಿ ತೆವಳಬೇಕಾದ ಗೂಡನ್ನು ಮೂರನೆಯ ತಿಂಗಳಿಗೆ ಯಾರೂ ಗುಡಿಸುವುದಿಲ್ಲ.

ಕೋಳಿ ತರುವ ಮುಂಚೆ ನಡುಹಗಲಲ್ಲಿ ಗಾಳಿಗಿಂಡಿಗಳಿಗೆ ಗೋಣಿ ಮುಚ್ಚಿ, ಒಳಗೆ ನಿಂತು ಬಾಗಿಲು ಹಾಕಿಕೊಳ್ಳಿ. ಬೆಳಕು ನುಸುಳುವ ಕಡೆಯಲ್ಲೆಲ್ಲ ಇಲಿ, ಹಾವು ಬರುವ ದಾರಿ ಕಾಣುತ್ತದೆ. ನನ್ನ ಎರಡನೆಯ ಗೂಡಿನಲ್ಲಿ ಹೀಗೆ ನಿಂತಿದ್ದಾಗ ಹೊರಗಿನ ಚಿಲಕ ತಾನಾಗಿಯೇ ಬಿದ್ದುಕೊಂಡಿತು. ಮನೆಯವರು ಬಂದು ತೆರೆಯುವಷ್ಟರಲ್ಲಿ ಏಳು ಸಂದಿಗಳನ್ನು ಪತ್ತೆಹಚ್ಚಿದ್ದೆ. ಚಿಲಕ ಒಳಗಿನಿಂದಲೂ ತೆರೆಯುವಂಥದ್ದಿರಲಿ.